ದಾಟಿರುತ್ತೆ ಬಿಡು

ರಾಮನಗರದ ಐಜೂರಿನಲ್ಲಿ ನಮ್ಮ ಮನೆಗೆ ‘ಪೈಲಟ್ ಮನೆ’ ಎಂದು ಹೆಸರು. ನಾನು ಪೈಲಟ್ ಅಲ್ಲ, ಎಂದೂ ಆಗಿರಲಿಲ್ಲ. ಮೊದಮೊದಲು ತಿದ್ದುತ್ತಿದ್ದೆ. ಏರ್ ಟ್ರಾಫಿಕ್ ಕಂಟ್ರೋಲರ್ ಎಂದರೆ “ಓ, ವಿಮಾನಕ್ಕೆ ಬಾವುಟ ತೋರ್ಸೋದಾ?” ಎನ್ನುತ್ತಿದ್ದರು. ಬಾವುಟದವನಾಗುವುದಕ್ಕಿಂತ ಪೈಲಟ್ ಆಗಿರುವುದೇ ವಾಸಿ ಎಂದು ಸುಮ್ಮನಾದೆ. ನಾನು ಹೇಳಿದ ಸುಳ್ಳುಗಳಲ್ಲಿ ಹೆಚ್ಚಿನವು ಇಂಥವೇ. ಬಾಯಿಬಿಟ್ಟು ಹೇಳಿದ್ದು ಕಡಿಮೆ. ಬೇರೆಯವರು ಹೇಳಿದ್ದನ್ನು ತಿದ್ದದೆ ಬಿಟ್ಟದ್ದು ಜಾಸ್ತಿ.

ಬಾವುಟದ ಕಲ್ಪನೆ ಹೋದವರ ತಲೆಯಲ್ಲಿ ರಾಡಾರ್ ಕೂತಿದೆ. ಕತ್ತಲೆ ಕೋಣೆ, ಪರದೆಯ ಮೇಲೆ ಮಿಣುಕುವ ಚುಕ್ಕೆಗಳು, ಅದರ ಮುಂದೆ ಕಣ್ಣು ಮಿಟುಕಿಸದೆ ಕೂತ ಅಧಿಕಾರಿ. ಈಗ ನೆಲದ ಮೇಲೆ ಹಾರುವಾಗ ಅದು ಬಹುಮಟ್ಟಿಗೆ ನಿಜ. ನಾನು ಕೆಲಸಕ್ಕೆ ಸೇರಿದಾಗ ದೇಶದ ಕೆಲವು ದೊಡ್ಡ ನಿಲ್ದಾಣಗಳನ್ನು ಬಿಟ್ಟರೆ ಉಳಿದ ಆಕಾಶಕ್ಕೆ ರಾಡಾರ್ ಇರಲಿಲ್ಲ. ಅಲಹಾಬಾದಿನ ಪಕ್ಕದ ಬಮ್ರೌಲಿಯ ತರಬೇತಿ ಕೇಂದ್ರದಲ್ಲಿ ನಮಗೆ ಕಲಿಸಿದ್ದು ವಿಮಾನವನ್ನು ನೋಡದೆಯೇ ನಡೆಸುವ ವಿದ್ಯೆ. ಪೈಲಟ್ ರೇಡಿಯೋದಲ್ಲಿ ಮೂರು ಸಂಗತಿ ಹೇಳುತ್ತಾನೆ: ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ, ಮುಂದಿನ ಗುರುತಿನ ಮೇಲೆ ಎಷ್ಟು ಗಂಟೆಗೆ ಬರುತ್ತೇನೆ. ನಾವು ಅದನ್ನು ಉದ್ದನೆಯ ಕಾಗದದ ಪಟ್ಟಿಯಲ್ಲಿ ಬರೆದುಕೊಳ್ಳುತ್ತೇವೆ. ಅದಕ್ಕೆ ಸ್ಟ್ರಿಪ್ ಎನ್ನುತ್ತೇವೆ. ಪ್ರತಿ ವಿಮಾನಕ್ಕೂ ಒಂದು ಸ್ಟ್ರಿಪ್, ಅದನ್ನು ಕೂರಿಸುವ ಒಂದು ಹೋಲ್ಡರ್, ಹೋಲ್ಡರ್‌ಗಳನ್ನು ಒಂದರ ಕೆಳಗೊಂದು ಜೋಡಿಸಿದ ಇಳಿಜಾರು ಬೋರ್ಡು. ಹೊಸ ಸುದ್ದಿ ಬಂದಂತೆ ಹಳೆಯದನ್ನು ಒಂದು ಗೆರೆಯಲ್ಲಿ ಹೊಡೆದು ಪಕ್ಕದಲ್ಲಿ ಹೊಸದು ಬರೆಯುತ್ತೇವೆ. ನಮ್ಮ ಪಾಲಿನ ಆಕಾಶ ಅಷ್ಟೇ. ಕಿಟಕಿಯಾಚೆ ಕಾಣುವ ಆಕಾಶಕ್ಕೂ ಇದಕ್ಕೂ ಸಂಬಂಧ ಇರಲೇಬೇಕೆಂದೇನಿಲ್ಲ.

ಕಾಣದ ವಿಮಾನಗಳನ್ನು ಬೇರೆ ಬೇರೆ ಇಡುವುದು ಗಡಿಯಾರದಿಂದ ಮತ್ತು ಎತ್ತರದಿಂದ. ಒಂದೇ ದಾರಿ, ಒಂದೇ ಎತ್ತರ, ಹಿಂದೊಂದು ಮುಂದೊಂದು ಎಂದರೆ ನಡುವೆ 15 ನಿಮಿಷದ ಅಂತರ ಬೇಕು; ದಾರಿಯುದ್ದಕ್ಕೂ ತನ್ನ ಜಾಗ ಗೊತ್ತುಮಾಡಿಕೊಳ್ಳಲು ನೆಲದ ರೇಡಿಯೋ ಉಪಕರಣಗಳಿದ್ದರೆ 10 ನಿಮಿಷ. ಎದುರುಬದುರು ಬರುವಂಥವಾದರೆ ಒಂದು ಇನ್ನೊಂದಕ್ಕಿಂತ ಕನಿಷ್ಠ 1,000 ಅಡಿ ಕೆಳಗಿರಬೇಕು. ಅವು ಒಂದನ್ನೊಂದು ದಾಟುವ ಅಂದಾಜು ಸಮಯಕ್ಕೆ 10 ನಿಮಿಷ ಮುಂಚಿನಿಂದ 10 ನಿಮಿಷ ಆದಮೇಲಿನವರೆಗೂ ಆ 1,000 ಅಡಿ ಹಾಗೇ ಇರಬೇಕು. ಈ ನಿಯಮಕ್ಕೆ ಒಂದೇ ವಿನಾಯಿತಿ. ದಾಟಿ ಆಯಿತೆಂದು ಖಚಿತವಾದರೆ 10 ನಿಮಿಷ ಕಾಯಬೇಕಿಲ್ಲ. ಖಚಿತ ಮಾಡಿಕೊಳ್ಳುವುದೂ ಸುಲಭ. ನಿಲ್ದಾಣದಲ್ಲಿರುವ ಡಿಎಂಇ ಎಂಬ ಯಂತ್ರದಿಂದ ನೀವು ಎಷ್ಟು ಮೈಲಿ ದೂರ ಎಂದು ಇಬ್ಬರನ್ನೂ ಒಟ್ಟಿಗೇ ಕೇಳುವುದು. ಹೋಗುವವನ ಮೈಲಿ ಬರುವವನ ಮೈಲಿಗಿಂತ ಸಾಕಷ್ಟು ಜಾಸ್ತಿಯಿದ್ದರೆ ದಾಟಿದ್ದಾರೆ ಎಂದರ್ಥ. ಎರಡು ಪ್ರಶ್ನೆ, ಎರಡು ಉತ್ತರ. ಹತ್ತು ಸೆಕೆಂಡಿನ ಕೆಲಸ.

ಆ ಹತ್ತು ಸೆಕೆಂಡು ನನ್ನ ಹತ್ತಿರ ಇರಲಿಲ್ಲ.

ತೊಂಬತ್ತರ ದಶಕದ ಆರಂಭ. ರಾಡಾರ್ ಇಲ್ಲದ, ದಿನಕ್ಕೆ ಕೆಲವೇ ವಿಮಾನ ಬಂದುಹೋಗುವ ಒಂದು ನಿಲ್ದಾಣ. ಅದರ ಹೆಸರು ಇಲ್ಲಿ ಬೇಡ, ಅದರದೇನೂ ತಪ್ಪಿರಲಿಲ್ಲ. ಅಲ್ಲಿ ನನಗೊಂದು ಖ್ಯಾತಿಯಿತ್ತು: ಇವನು ಬೇಗ ಬಿಡುತ್ತಾನೆ. ಜೆಟ್ ವಿಮಾನಕ್ಕೆ ಕೆಳಗಿನ ದಪ್ಪ ಗಾಳಿಯಲ್ಲಿ ತೆವಳುವುದೆಂದರೆ ಇಂಧನ ಸುರಿದುಕೊಂಡಂತೆ. ಎಷ್ಟು ಬೇಗ ಮೇಲೆ ಬಿಟ್ಟರೆ ಪೈಲಟ್ಟಿಗೆ ಅಷ್ಟು ಖುಷಿ. ನನ್ನ ದನಿ ಕೇಳಿದರೆ ಕೆಲವು ಕ್ಯಾಪ್ಟನ್ನರು “ಗುಡ್ ಮಾರ್ನಿಂಗ್ ಸರ್, ಇವತ್ತು ನೀವಾ!” ಎನ್ನುತ್ತಿದ್ದರು. ಇಷ್ಟು ಸಾಕಾಗಿತ್ತು ನನಗೆ. ಸಂಬಳ ಹೆಚ್ಚಿದ ದಿನಕ್ಕಿಂತ ಹಾಗೆ ಕರೆಸಿಕೊಂಡ ದಿನ ಊಟ ರುಚಿಸುತ್ತಿತ್ತು.

ಆ ಬೆಳಿಗ್ಗೆ ಪಕ್ಕದಲ್ಲಿ ಒಬ್ಬ ಹುಡುಗ ಕೂತಿದ್ದ. ಹಾಸನದ ಕಡೆಯವನು, ತರಬೇತಿಗೆ ಬಂದವನು. ಅವನ ಮುಂದೆ ನನ್ನ ಕೈಚಳಕ ತೋರಿಸುವ ಹುಮ್ಮಸ್ಸು ಬೇರೆ. ಈಶಾನ್ಯ ದಿಕ್ಕಿನಿಂದ ಒಂದು ವಿಮಾನ ನಮ್ಮತ್ತ ಬರುತ್ತಿತ್ತು. ಅದನ್ನು 12,000 ಅಡಿಗೆ ಇಳಿಸಿ ಅಲ್ಲೇ ಇರು ಎಂದಿದ್ದೆ. ನಮ್ಮಲ್ಲಿಂದ ಹೊರಟ ಇನ್ನೊಂದು ಅದೇ ದಾರಿಯಲ್ಲಿ ಎದುರಾಗಿ ಹೋಗುತ್ತಿತ್ತು. ಅದಕ್ಕೆ 11,000 ಅಡಿಯ ತಡೆ ಹಾಕಿದ್ದೆ. ಎರಡರ ಲೆಕ್ಕ ಹಾಕಿ 42ನೇ ನಿಮಿಷಕ್ಕೆ ಒಂದನ್ನೊಂದು ದಾಟುತ್ತವೆ ಎಂದು ಸ್ಟ್ರಿಪ್ಪಿನ ಮೂಲೆಯಲ್ಲಿ ಬರೆದಿದ್ದೆ. ನನ್ನದೇ ಅಕ್ಷರ, ದುಂಡಗೆ.

ಗಡಿಯಾರ 43 ದಾಟಿತು. ಹೋಗುತ್ತಿದ್ದ ವಿಮಾನದವನು ಮೇಲೆ ಬಿಡುತ್ತೀರಾ ಎಂದು ಕೇಳಿದ. ನಾನು ಮೈಕಿನ ಗುಂಡಿಗೆ ಬೆರಳಿಟ್ಟೆ. ಹುಡುಗ ಮೆಲ್ಲಗೆ ಹೇಳಿದ:

“ಸರ್, ಒಂದ್ಸಲ ಡಿಎಂಇ ಕೇಳ್ಬಿಡ್ಲಾ?”

“ದಾಟಿರುತ್ತೆ ಬಿಡು. ಹಿಂಗೆ ಎಲ್ಲಾನೂ ಕೇಳ್ತಾ ಕೂತ್ರೆ ಸಾಯಂಕಾಲ ಆಗುತ್ತೆ ಕಣಯ್ಯಾ.”

21,000 ಅಡಿಗೆ ಏರು ಎಂದೆ. ಅವನು ಅದನ್ನೇ ತಿರುಗಿ ಓದಿ ಒಪ್ಪಿಸಿ, ಥ್ಯಾಂಕ್ಯೂ ಸರ್ ಎಂದ. ಹುಡುಗನ ಕಡೆ ನೋಡಿ ಹುಬ್ಬು ಹಾರಿಸಿದೆ. ಅದೊಂದು ಹುಬ್ಬು ಹಾರಿಸಿದ್ದು ನೆನಪಾದಾಗ ಈಗಲೂ ಸ್ನಾನದ ಮನೆಯಲ್ಲಿ ಒಬ್ಬನೇ ಇದ್ದರೂ ‘ಥೂ’ ಎಂದು ಬಾಯಿಗೆ ಬಂದುಬಿಡುತ್ತದೆ.

ಅರ್ಧ ನಿಮಿಷ ಆಗಿರಬೇಕು. ಬರುತ್ತಿದ್ದ ವಿಮಾನದ ಕ್ಯಾಪ್ಟನ್, ವಯಸ್ಸಾದವರು, ದನಿ ಎತ್ತಿ ಮಾತಾಡಿದವರಲ್ಲ, ಬಹಳ ನಿಧಾನವಾಗಿ ಹೇಳಿದರು: “ಈಗ ನಮ್ಮ ಎಡಗಡೆ ಒಂದು ವಿಮಾನ ಏರಿಕೊಂಡು ಹೋಯಿತು. ಅದರ ಕಿಟಕಿಗಳು ಕಂಡವು. ಇದು ನಿಮಗೆ ಗೊತ್ತಿತ್ತೇ?”

ನಾನು “ಸ್ಟ್ಯಾಂಡ್‌ಬೈ” ಎಂದೆ. ಸ್ವಲ್ಪ ಕಾಯಿರಿ ಎಂದು. ಯಾತಕ್ಕೆ ಕಾಯಬೇಕಿತ್ತು ಅವರು? ಎರಡು ವಿಮಾನ, ಅವುಗಳ ತುಂಬ ಜನ, ಎಲ್ಲರೂ ಪರಸ್ಪರ ಪಾರಾಗಿ ಹೋಗಿಯಾಗಿತ್ತು. ಕಾಯಬೇಕಾಗಿದ್ದವನು ನಾನು, ಅದೂ ಒಂದು ನಿಮಿಷ ಮುಂಚೆ. ನನ್ನ ಕಾಲುಗಳು ಮೇಜಿನ ಕೆಳಗೆ ನಡುಗುತ್ತಿದ್ದವು. ಹುಡುಗನಿಗೆ ಅದು ಕಾಣಬಾರದೆಂದು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ.

ಆಗಿದ್ದು ಇಷ್ಟು. ಬರುವವರ ದಾರಿಯಲ್ಲಿ ಮೋಡ ಕಟ್ಟಿತ್ತು. ಅವರು ವೇಗ ತಗ್ಗಿಸಿ, ದಾರಿಯ ಅಗಲದೊಳಗೇ ಕೊಂಚ ಬಲಕ್ಕೆ ಸರಿದು ಬರುತ್ತಿದ್ದರು. ಹೋಗುವವನು ಭಾರ ಹೊತ್ತಿದ್ದರಿಂದ ನಾನು ಎಣಿಸಿದಷ್ಟು ವೇಗದಲ್ಲಿರಲಿಲ್ಲ. ಇಬ್ಬರೂ ತಲಾ ಎರಡು ನಿಮಿಷ ತಡ. ಹೇಳಿದ ಸಮಯಕ್ಕೂ ನಿಜ ಸಮಯಕ್ಕೂ ಮೂರು ನಿಮಿಷದ ವ್ಯತ್ಯಾಸ ಬಂದರೆ ಮಾತ್ರ ಪೈಲಟ್ ತಿಳಿಸಬೇಕೆಂಬುದು ಅಂದಿನ ನಿಯಮ. ಎರಡು ನಿಮಿಷಕ್ಕೆ ಅವರು ತುಟಿ ಬಿಚ್ಚಬೇಕಿರಲಿಲ್ಲ. ನಿಯಮ ಬರೆದವರಿಗೆ ಇದು ಗೊತ್ತಿತ್ತು. ಅದಕ್ಕೇ ಹಿಂದೆ ಮುಂದೆ ಹತ್ತತ್ತು ನಿಮಿಷ ಇಟ್ಟಿದ್ದರು. ಆ ಎತ್ತರದಲ್ಲಿ ಒಂದೊಂದು ವಿಮಾನವೂ ನಿಮಿಷಕ್ಕೆ ಸುಮಾರು 5 ನಾಟಿಕಲ್ ಮೈಲಿ ಹೋಗುತ್ತದೆ, ಎದುರುಬದುರಾದಾಗ 10 ಮೈಲಿಯ ಅಂತರ ಒಂದೇ ನಿಮಿಷದಲ್ಲಿ ಕರಗುತ್ತದೆ. ನಾನು ‘ಎರಡು ನಿಮಿಷ ತಾನೆ’ ಎಂದು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು 20 ಮೈಲಿ.

ಅಪಘಾತ ತಪ್ಪಿದ್ದು ಹೇಗೆ? ಆ ಮೋಡದಿಂದ. ಅವರನ್ನು ತಡಮಾಡಿ ಎದುರಿಗೆ ತಂದಿಟ್ಟದ್ದೂ ಅದೇ, ದಾರಿಯ ನಡುಗೆರೆಯಿಂದ ಬದಿಗೆ ಸರಿಸಿದ್ದೂ ಅದೇ. ಜೊತೆಗೆ ಆ ಕಾಲದ ಯಂತ್ರಗಳ ಮೊಂಡುತನ. ದಾರಿ ತೋರುವ ಮುಳ್ಳು ಅಷ್ಟು ನಿಖರವಾಗಿರುತ್ತಿರಲಿಲ್ಲ, ಎರಡು ವಿಮಾನ ಒಂದೇ ದಾರಿಯಲ್ಲಿದ್ದರೂ ಕೂದಲೆಳೆಯಂತೆ ಒಂದೇ ಗೆರೆಯಲ್ಲಿ ಇರುವುದು ಅಪರೂಪ. ಈಗ ಉಪಗ್ರಹದ ಜಿಪಿಎಸ್ ಬಂದಿದೆ, ಎಲ್ಲರೂ ನಟ್ಟನಡುವೆಯೇ ಹೋಗುತ್ತಾರೆ. ಹಾಗೆ ಹೋದರೆ ಎತ್ತರದಲ್ಲಿ ಒಬ್ಬರು ತಪ್ಪಿದರೂ ನೇರ ಡಿಕ್ಕಿಯೇ. ಆದ್ದರಿಂದ ರಾಡಾರ್ ತಲುಪದ ಸಮುದ್ರದ ಮೇಲೆ ಪೈಲಟ್ಟರು ಬೇಕೆಂದೇ ನಡುಗೆರೆಯಿಂದ ಒಂದೋ ಎರಡೋ ಮೈಲಿ ಬಲಕ್ಕೆ ಸರಿದು ಹಾರುವ ಪದ್ಧತಿ ಇದೆ. ಅಂದಿನ ಯಂತ್ರಗಳು ತಮಗರಿಯದೆ ಮಾಡುತ್ತಿದ್ದ ಉಪಕಾರವನ್ನು ಇಂದು ಮನುಷ್ಯರು ನಿಯಮ ಮಾಡಿ ಮಾಡುತ್ತಿದ್ದಾರೆ. ಈ ಕಥೆಯಲ್ಲಿ ನನ್ನ ಬುದ್ಧಿಯಿಂದ ಉಳಿದದ್ದು ಏನೂ ಇಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ಇಂಥದ್ದಕ್ಕೆ ಆಗ ‘ಏರ್‌ಮಿಸ್’ ಎನ್ನುತ್ತಿದ್ದರು, ಈಗ ಏರ್‌ಪ್ರಾಕ್ಸ್ ಎನ್ನುತ್ತಾರೆ. ಬದಲಿ ಅಧಿಕಾರಿ ಬಂದು ನನ್ನನ್ನು ಬೋರ್ಡಿನಿಂದ ಎಬ್ಬಿಸಿದರು. ಅವರು ಬರುವ ಮುಂಚೆ ನಾನೊಂದು ಕೆಲಸಕ್ಕೆ ಕೈಹಾಕಿದ್ದೆ. ಸ್ಟ್ರಿಪ್ಪಿನಲ್ಲಿ ‘43’ ಎಂದು ಬರೆದದ್ದನ್ನು ‘53’ ಮಾಡುವುದು ಎಷ್ಟು ಹೊತ್ತಿನ ಮಾತು? ಪೆನ್ನಿನ ಮುಚ್ಚಳ ತೆಗೆದೂ ಇದ್ದೆ. ಅಷ್ಟರಲ್ಲಿ, ಆಡಿದ ಪ್ರತಿ ಮಾತೂ ಸಮಯದ ಸಮೇತ ಟೇಪಿನಲ್ಲಿ ದಾಖಲಾಗಿದೆ ಎಂಬುದು ನೆನಪಾಯಿತು. ಮುಚ್ಚಳ ಹಾಕಿ ಕೆಳಗಿಟ್ಟೆ. ನೀತಿಯೋ ಆತ್ಮಸಾಕ್ಷಿಯೋ ಎಚ್ಚರಾಗಿ ಇಟ್ಟದ್ದಲ್ಲ, ಟೇಪು ನೆನಪಾಗಿ ಇಟ್ಟದ್ದು.

ವಿಚಾರಣೆಯಲ್ಲಿ ನನ್ನ ಭಾಗ ಸರಳವಾಗಿತ್ತು. ಟೇಪು ಕೇಳಿಸಿದರು, ತಪ್ಪು ಎಂದೆ. ಆಮೇಲೆ ಹುಡುಗನನ್ನು ಕರೆದರು. ಅಧಿಕಾರಿ ಕೇಳಿದರು: “ನೀನು ಪಕ್ಕದಲ್ಲೇ ಇದ್ದೆಯಲ್ಲ. ಏನೂ ಹೇಳಲಿಲ್ಲವಾ?” ಟೇಪಿನಲ್ಲಿ ರೇಡಿಯೋದ ಮಾತು ಮಾತ್ರ ಇರುತ್ತಿತ್ತು, ಕೋಣೆಯ ಮಾತು ಇರುತ್ತಿರಲಿಲ್ಲ. ಹುಡುಗ ಒಮ್ಮೆ ನನ್ನ ಕಡೆ ನೋಡಿದ. ಅವನು ಕೇಳಿದ್ದ ಎಂದು ಗೊತ್ತಾದರೆ ನನ್ನದು ಮರೆವು ಅನ್ನಿಸಿಕೊಳ್ಳುವುದಿಲ್ಲ, ಉದ್ಧಟತನ ಆಗುತ್ತದೆ, ಕೆಲಸಕ್ಕೇ ಸಂಚಕಾರ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

“ಇಲ್ಲ ಸರ್” ಎಂದ.

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ವರದಿಯಲ್ಲಿ ಅವನ ಬಗ್ಗೆ ಒಂದು ಸಾಲು ಬಂತು: ತರಬೇತಿಯಲ್ಲಿದ್ದ ಅಭ್ಯರ್ಥಿ ಅಗತ್ಯ ಜಾಗರೂಕತೆ ತೋರಲಿಲ್ಲ.

ನನ್ನನ್ನು ಮತ್ತೆ ತರಬೇತಿಗೆ ಹಾಕಿದರು. ನಡುವೆ ಸಿಕ್ಕ ರಜೆಯಲ್ಲಿ ಊರಿಗೆ ಬಂದೆ. ಅಪ್ಪ ರೇಷ್ಮೆಗೂಡಿನಿಂದ ನೂಲು ತೆಗೆಸುವ ರೀಲರ್. ಸಣ್ಣ ಫಿಲೇಚರ್ ಇತ್ತು ನಮ್ಮದು, ದಿನ ಬೆಳಗಾದರೆ ಗೂಡಿನ ಮಾರ್ಕೆಟ್ಟಿಗೆ ಹೋಗಲೇಬೇಕು. ಜೊತೆಗೆ ನಾನೂ ಹೋದೆ. ರಾಮನಗರದ ಮಾರ್ಕೆಟ್ಟೆಂದರೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರು. ಆಗೆಲ್ಲ ಕಂಪ್ಯೂಟರ್ ಹರಾಜು ಇರಲಿಲ್ಲ, ಕೂಗಿಯೇ ಹರಾಜು. ಜಾಲರಿ ತಟ್ಟೆಗಳಲ್ಲಿ ಹಳದಿ ಸಿಬಿ ಗೂಡು, ಬಿಳಿ ಬೈವೋಲ್ಟಿನ್, ಸಾಲು ಸಾಲು ಲಾಟುಗಳು. ಅಪ್ಪ ಪ್ರತಿ ಲಾಟಿನಲ್ಲೂ ಮೊಣಕೈವರೆಗೆ ಕೈ ತೂರಿಸಿ ಅಡಿಯಿಂದ ಒಂದು ಹಿಡಿ ಗೂಡು ತೆಗೆಯುತ್ತಿದ್ದರು. ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಅನುಮಾನ ಬಂದರೆ ಕೊಯ್ದು ಒಳಗಿನ ಹುಳು ನೋಡಿ, ಆಮೇಲೆ ರೇಟು. ವರ್ಷಗಟ್ಟಲೆ ಪರಿಚಯದ ರೈತ, ಹಿಂದಿನ ಲಾಟು ಬಂಗಾರದಂತಿತ್ತು ಎಂದರೂ ಅಷ್ಟೇ, ಕೈ ಹಾಕದೆ ಬಾಯಿ ಬಿಡುತ್ತಿರಲಿಲ್ಲ.

ಮನೆಗೆ ನಡೆದುಕೊಂಡು ಬರುವಾಗ ಅಪ್ಪನಿಗೆ ಎಲ್ಲ ಹೇಳಿದೆ. ಹುಡುಗ ಕೇಳಿದ್ದು ಬಿಟ್ಟು. ವಿಮಾನದ ವಿಷಯ ಅವರಿಗೆ ಎಷ್ಟು ಅರ್ಥವಾಯಿತೋ. ಸ್ವಲ್ಪ ದೂರ ಸುಮ್ಮನೆ ನಡೆದು, “ಅಲ್ಲ ಕಣ್ಲಾ, ಗೂಡು ಮುಟ್ದೇನೆ ರೇಟು ಕೂಗ್‌ಬಿಟ್ಟಿದ್ದೀಯಲ್ಲ” ಎಂದರು. ಬೈಯಲಿಲ್ಲ. ಮತ್ತೆ ಆ ಮಾತು ಎತ್ತಲೂ ಇಲ್ಲ.

1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಡಿಕ್ಕಿಯಾದಾಗ ನಾನು ಮತ್ತೆ ಬೋರ್ಡಿನ ಮುಂದೆ ಇದ್ದೆ. ದಿಲ್ಲಿಯಿಂದ ಹೊರಟ ಸೌದಿಯ ಬೋಯಿಂಗ್ 747, ದಿಲ್ಲಿಗೆ ಬರುತ್ತಿದ್ದ ಕಜಾಕಿಸ್ತಾನದ ಇಲ್ಯೂಷಿನ್ 76. ಸತ್ತವರು 349. ಒಬ್ಬರೂ ಬದುಕಲಿಲ್ಲ. ಆಗ ದಿಲ್ಲಿಗೆ ಬರುವುದಕ್ಕೂ ಹೋಗುವುದಕ್ಕೂ ಒಂದೇ ದಾರಿ. ರಾಡಾರ್ ಇತ್ತು, ಆದರೆ ಅದು ವಿಮಾನ ಎಲ್ಲಿದೆ ಎನ್ನುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಎನ್ನುತ್ತಿರಲಿಲ್ಲ. ಎತ್ತರಕ್ಕೆ ಪೈಲಟ್ಟಿನ ಮಾತೇ ಗತಿ, ನಮ್ಮ ಸ್ಟ್ರಿಪ್ಪಿನ ಹಾಗೆಯೇ. ಕಂಟ್ರೋಲರ್ ಸೌದಿ ವಿಮಾನವನ್ನು 14,000 ಅಡಿಯಲ್ಲಿ, ಕಜಾಕ್ ವಿಮಾನವನ್ನು 15,000 ಅಡಿಯಲ್ಲಿ ಇಟ್ಟಿದ್ದರು. ಎದುರಿಗೆ ವಿಮಾನವಿದೆ, ಇಷ್ಟು ದೂರದಲ್ಲಿದೆ ಎಂದೂ ಕಜಾಕರಿಗೆ ತಿಳಿಸಿದ್ದರು. ಕಜಾಕ್ ವಿಮಾನ ತನಗೆ ಕೊಟ್ಟ ಎತ್ತರಕ್ಕಿಂತ ಕೆಳಕ್ಕೆ ಇಳಿದುಬಿಟ್ಟಿತ್ತು. ನ್ಯಾಯಮೂರ್ತಿ ಲಹೋಟಿ ಆಯೋಗದ ವಿಚಾರಣೆ ಆ ವಿಮಾನದ ಸಿಬ್ಬಂದಿಯತ್ತಲೇ ಬೆರಳು ತೋರಿಸಿತು. ಮುಂದೆ ದಿಲ್ಲಿಯಿಂದ ಹೋಗುವ ದಾರಿ ಬೇರೆ, ದಿಲ್ಲಿಗೆ ಬರುವ ದಾರಿ ಬೇರೆ ಆಯಿತು. ವಿಮಾನಗಳು ತಾವೇ ಒಂದನ್ನೊಂದು ಗುರುತಿಸಿ “ಏರು”, “ಇಳಿ” ಎಂದು ಪೈಲಟ್ಟಿಗೆ ಎಚ್ಚರಿಕೆ ಕೊಡುವ ಟಿಕಾಸ್ ಉಪಕರಣವನ್ನು ಭಾರತದಲ್ಲಿ ಕಡ್ಡಾಯ ಮಾಡಿದರು.

ಆ ರಾತ್ರಿ ನಮ್ಮ ಕ್ವಾರ್ಟರ್ಸಿನಲ್ಲಿ ಯಾರಿಗೂ ನಿದ್ದೆಯಿಲ್ಲ. ಎಲ್ಲರ ಚಿಂತೆಯೂ ದಿಲ್ಲಿಯ ಆ ಕಂಟ್ರೋಲರ್ ಬಗ್ಗೆ. ಎಲ್ಲ ಸರಿಯಾಗಿ ಮಾಡಿದವರಿಗೆ 349 ಸಾವು. ಎಲ್ಲ ತಪ್ಪು ಮಾಡಿದ ನನಗೆ ಕಡತದಲ್ಲಿ ಒಂದು ದಾಖಲೆ. ಈ ಕೆಲಸದಲ್ಲಿ ಶಿಕ್ಷೆ ಯೋಗ್ಯತೆ ನೋಡಿ ಬರುವುದಿಲ್ಲ ಎನ್ನಿಸಿದ್ದು ಆಗ.

ಇಷ್ಟು ತಿಳಿದವನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು ತಾನೆ? ನಿವೃತ್ತನಾಗಿ ಊರಿಗೆ ಬಂದೆ ನೋಡಿ, ನಾಲಿಗೆಗೆ ರೆಕ್ಕೆ ಬಂತು.

2018ರ ಜುಲೈ 10ರಂದು ಬೆಂಗಳೂರಿನ ವಾಯುಪ್ರದೇಶದಲ್ಲಿ ಕೊಯಮತ್ತೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ವಿಮಾನವೂ ಬೆಂಗಳೂರಿನಿಂದ ಕೊಚ್ಚಿಗೆ ಹೋಗುತ್ತಿದ್ದ ವಿಮಾನವೂ 27,000 ಅಡಿಯ ಆಸುಪಾಸಿನಲ್ಲಿ ಹತ್ತಿರ ಬಂದವು. ಎತ್ತರದಲ್ಲಿ 200 ಅಡಿ, ದೂರದಲ್ಲಿ ಸುಮಾರು 4 ಮೈಲಿ. ಟಿಕಾಸ್ ಕೂಗಿ ಬೇರ್ಪಡಿಸಿತು. ಪ್ರಯಾಣಿಕರು 328. ಪತ್ರಿಕೆಗಳಲ್ಲಿ ಬಂದದ್ದು ‘ಬೆಂಗಳೂರಿನ ವಾಯುಪ್ರದೇಶ’ ಎಂದಷ್ಟೇ. ನಮ್ಮೂರವರು ಅದನ್ನು ಎಳೆದು ತಂದು ರಾಮದೇವರ ಬೆಟ್ಟದ ನೆತ್ತಿಯ ಮೇಲೇ ನಿಲ್ಲಿಸಿದರು. “ನಿಮ್ಮ ಕಾಲದಲ್ಲೂ ಹಿಂಗಾಗಿತ್ತಾ ಪೈಲಟ್ ಸಾರ್?” ಎಂದು ಹೋಟೆಲಿನಲ್ಲಿ ಯಾರೋ ಕೇಳಿದರು. ಆಗಿತ್ತು ಎಂದೆ. ಕಾಫಿ ಆರುವಷ್ಟರಲ್ಲಿ ಕಥೆ ಹೀಗಾಗಿತ್ತು: ಎರಡು ವಿಮಾನ ಎದುರುಬದುರು, ರಾಡಾರ್ ಇಲ್ಲ, ನಾನು ಸಮಯಕ್ಕೆ ಸರಿಯಾಗಿ ಎಚ್ಚರಿಸಿದೆ.

ಪೂರ್ತಿ ಸುಳ್ಳು ಹೇಳುವ ಧೈರ್ಯ ನನಗಿಲ್ಲ. ಮೋಡ ನಿಜ, ಎತ್ತರ ನಿಜ, ಕಿಟಕಿಗಳು ಕಂಡದ್ದೂ ನಿಜ. ನನ್ನನ್ನು ಮಾತ್ರ ಎತ್ತಿ ಬೇರೆ ಜಾಗದಲ್ಲಿ ಕೂರಿಸಿದ್ದೆ. ಕನಕಪುರದ ಒಂದು ನಾಮಕರಣದಲ್ಲಿ ಎರಡು ವಿಮಾನದ ನಡುವೆ 500 ಅಡಿ ಇತ್ತು. ಮಾಗಡಿಯ ಮದುವೆಯ ಹೊತ್ತಿಗೆ 200ಕ್ಕೆ ಇಳಿಯಿತು. ಮಾಗಡಿಯವರಿಗಂತೂ ವಿಮಾನದ ವಿಷಯದಲ್ಲಿ ಹಕ್ಕು ಜಾಸ್ತಿ. ದೇವನಹಳ್ಳಿಯ ನಿಲ್ದಾಣಕ್ಕಿರುವುದು ತಮ್ಮ ಕೆಂಪೇಗೌಡರ ಹೆಸರು ಎಂಬ ಬಿಗುಮಾನ. ಅಲ್ಲಿ ನನ್ನ ಕೈ ಕುಲುಕಲು ಸಾಲು ನಿಂತರು. ಹುಡುಗ ಯಾವ ಊರಿನ ಕಥೆಯಲ್ಲೂ ಬರಲಿಲ್ಲ.

ಆಮೇಲೆ 2022ರ ಜನವರಿ 7. ಬೆಂಗಳೂರಿನ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಕೋಲ್ಕತ್ತಾಗೆ ಒಂದು, ಭುವನೇಶ್ವರಕ್ಕೆ ಒಂದು ವಿಮಾನ ಹೆಚ್ಚುಕಡಿಮೆ ಒಟ್ಟಿಗೇ ಹಾರಿದವು, ಒಂದರತ್ತ ಒಂದು ತಿರುಗಿದವು. ಬೆಳಿಗ್ಗೆ ಒಂದು ರನ್‌ವೇ ಹೊರಡುವುದಕ್ಕೆ, ಇನ್ನೊಂದು ಇಳಿಯುವುದಕ್ಕೆ ಎಂದು ನಡೆಯುತ್ತಿತ್ತು. ನಡುವೆ ಅದನ್ನು ಬದಲಿಸಿ ಒಂದೇ ರನ್‌ವೇಗೆ ಬಂದಾಗ ಆ ಮಾತು ಇನ್ನೊಂದು ರನ್‌ವೇಯ ಟವರಿಗೆ ಮುಟ್ಟಲಿಲ್ಲ. ಹೇಳಿರುತ್ತಾರೆ ಬಿಡು, ಎಂದುಕೊಂಡರೇನೋ. ಎರಡರಲ್ಲೂ ಸೇರಿ 426 ಜನ. ಸುಮಾರು 3,000 ಅಡಿಯಲ್ಲಿ ಅಪಾಯ ಕಂಡು ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದು ರಾಡಾರ್ ಮುಂದೆ ಕೂತಿದ್ದ ಕಂಟ್ರೋಲರ್. ಘಟನೆಯನ್ನು ಲಾಗ್‌ಬುಕ್ಕಿನಲ್ಲೂ ಬರೆದಿರಲಿಲ್ಲ, ಮೇಲಕ್ಕೂ ವರದಿ ಮಾಡಿರಲಿಲ್ಲ ಎಂದು ವಿಮಾನಯಾನದ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯ ಅಧಿಕಾರಿಗಳೇ ಹೇಳಿದರು. ಅದನ್ನು ಓದಿ ನಾನು ಯಾರನ್ನೂ ಬೈಯಲಿಲ್ಲ. ಬೈಯುವ ಅರ್ಹತೆ ಇರಬೇಕಲ್ಲ.

ಆದರೆ ಸನ್ಮಾನಕ್ಕೆ ಕರೆದಾಗ ಹೋದೆ. ಚನ್ನಪಟ್ಟಣದ ಒಂದು ಕಾಲೇಜು. ‘ಆಕಾಶದ ಕಾವಲುಗಾರ’ ಎಂದು ಬ್ಯಾನರ್ ಹಾಕಿಸಿದ್ದರು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆಯಾಗಿ ಅರಗಿನ ಬಣ್ಣ ಬಳಿದ ಒಂದು ಮರದ ವಿಮಾನ, ಕೆಂಪು ರೆಕ್ಕೆ, ಹಳದಿ ಮೂತಿ. ಪ್ರಾಂಶುಪಾಲರು ನನ್ನ ಕಥೆಯನ್ನು ನನಗಿಂತ ಚೆನ್ನಾಗಿ ಹೇಳಿದರು. ಅವರ ಆವೃತ್ತಿಯಲ್ಲಿ 100 ಅಡಿ. ನಾನು ವೇದಿಕೆಯ ಮೇಲೆ ಪೇಟ ಸರಿಮಾಡಿಕೊಳ್ಳುತ್ತ ಕೂತಿದ್ದೆ. ತಿದ್ದಲಿಲ್ಲ.

ಪ್ರಶ್ನೋತ್ತರದಲ್ಲಿ ಬಿಎಸ್ಸಿಯ ಒಬ್ಬ ಹುಡುಗಿ ಎದ್ದು ನಿಂತಳು.

“ಸರ್, ರಾಡಾರ್ ಇರ್ಲಿಲ್ಲ ಅಂದ್ರಿ. ಹಾಗಾದ್ರೆ ವಿಮಾನ ಹತ್ರ ಬಂದಿದೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು?”

ಇಷ್ಟು ವರ್ಷದಲ್ಲಿ ಹೋಟೆಲಿನವರು, ಬೀಗರು, ಸ್ವಾಮಿಗಳು, ಒಬ್ಬ ಮಾಜಿ ಶಾಸಕರು, ಯಾರೂ ಕೇಳಿರದ ಪ್ರಶ್ನೆ. ಇದಕ್ಕೆ ಒಂದೇ ಉತ್ತರ: ನನಗೆ ಗೊತ್ತಾಗಿರಲಿಲ್ಲ. ಗೊತ್ತಾದದ್ದು ಕ್ಯಾಪ್ಟನ್ ಹೇಳಿದ ಮೇಲೆ. ನಾನು ನಕ್ಕು, “ಅದೇ ನೋಡಮ್ಮ ಅನುಭವ ಅನ್ನೋದು” ಎಂದೆ. ಸಭೆ ಚಪ್ಪಾಳೆ ತಟ್ಟಿತು. ಹುಡುಗಿ ತಟ್ಟಲಿಲ್ಲ. ಕೂತುಕೊಂಡು ಪಕ್ಕದವಳಿಗೆ ಏನೋ ಹೇಳಿದಳು. ಏನೆಂದಿರಬಹುದು ಎಂಬುದು ಕೇಳಿಸದಿದ್ದರೂ ನನಗೆ ತಿಳಿಯಿತು. ಪೇಟದೊಳಗೆ ತಲೆ ಬೆವತು ಕಿವಿಯ ಹಿಂದೆ ಇಳಿಯುತ್ತಿತ್ತು. ಒರೆಸಿಕೊಂಡರೆ ಎಲ್ಲರಿಗೂ ಕಾಣುತ್ತದೆಂದು ಹಾಗೇ ಬಿಟ್ಟೆ.

ಆ ವಾರವೇ ಹಾಸನದ ಹುಡುಗನಿಗೆ ಫೋನ್ ಮಾಡಿದೆ. ಹುಡುಗ ಎಲ್ಲಿ, ಅವನೂ ನಿವೃತ್ತಿಯ ಅಂಚಿನಲ್ಲಿದ್ದ, ದೊಡ್ಡ ಹುದ್ದೆ. ಕ್ಷೇಮಸಮಾಚಾರ ಆದಮೇಲೆ ವಿಷಯ ಎತ್ತಿದೆ. ನೀನು ಕೇಳಿದ್ದೆ, ನಾನು ಹೇಳಲಿಲ್ಲ, ತಪ್ಪಾಯಿತು ಎಂದೆ. ಪರವಾಗಿಲ್ಲ ಬಿಡಿ ಸರ್ ಎನ್ನುತ್ತಾನೆ ಎಂದುಕೊಂಡಿದ್ದೆ. ಕ್ಷಮೆ ಕೇಳುವವನು ಕ್ಷಮೆಯ ಸಮಯವನ್ನೂ ಮೊದಲೇ ಲೆಕ್ಕಹಾಕಿ ಮೂಲೆಯಲ್ಲಿ ಬರೆದಿಟ್ಟಿರುತ್ತಾನೆ!

“ನನಗೆ ನೆನಪಿದೆ ಸರ್” ಎಂದ. “ಆ ಒಂದು ಸಾಲಿಂದ ನನ್ನ ರೇಟಿಂಗು ಒಂದು ಬ್ಯಾಚ್ ಹಿಂದಕ್ಕೆ ಹೋಯ್ತು. ಸೀನಿಯಾರಿಟಿ ಕೊನೇವರೆಗೂ ಹಿಂದೇನೇ ಉಳೀತು.” ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಒಪ್ಪಿಸುವ ಹಾಗಿತ್ತು. ಆಮೇಲೆ ತನ್ನ ಮಗಳು ಎಂಜಿನಿಯರಿಂಗ್ ಮುಗಿಸಿದ್ದು ಹೇಳಿದ. ನಾನು ನನ್ನ ಮಂಡಿನೋವು ಹೇಳಿದೆ.

ಈಗ ನಮ್ಮ ಕಡೆ ಎಲ್ಲರ ಬಾಯಲ್ಲೂ ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ. ಕನಕಪುರ ರಸ್ತೆಯ ಚೂಡಹಳ್ಳಿ, ಸೋಮನಹಳ್ಳಿ ಸುತ್ತಲಿನ ಜಾಗಗಳು ಪಟ್ಟಿಯಲ್ಲಿವೆ, 2025ರಲ್ಲಿ ಕೇಂದ್ರದ ತಂಡ ಬಂದು ನೋಡಿಯೂ ಹೋಯಿತು. ಎಕರೆಗೆ ಎಷ್ಟಾಗಬಹುದು ಸಾರ್ ಎಂದು ನನ್ನನ್ನು ಕೇಳುತ್ತಾರೆ, ಪೈಲಟ್ಟಿಗೆ ಗೊತ್ತಿರುತ್ತದೆಂದು. ನನಗೆ ಗೊತ್ತಿಲ್ಲ ಎನ್ನುವುದನ್ನು ಈಗ ಅಭ್ಯಾಸ ಮಾಡಿಕೊಂಡಿದ್ದೇನೆ. ನಾನು ಪೈಲಟ್ಟಲ್ಲ ಎಂದೂ ಹೇಳುತ್ತೇನೆ. ಯಾರೂ ನಂಬುವುದಿಲ್ಲ, ಅದು ಬೇರೆ ಮಾತು.

ಚನ್ನಪಟ್ಟಣದ ಆ ಹುಡುಗಿ ಇದನ್ನು ಓದುತ್ತಿದ್ದರೆ ಒಂದು ಮಾತು. ಬಿಎಸ್ಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇದ್ದರೆ ಏರ್ ಟ್ರಾಫಿಕ್ ಕಂಟ್ರೋಲರ್ ಪರೀಕ್ಷೆ ಬರೆಯಬಹುದಮ್ಮ. ನೀನು ಬರೆಯಬೇಕು. ಅಂದು ನಿನಗೆ ಕೊಟ್ಟ ಉತ್ತರ ಸುಳ್ಳು. ವಿಮಾನಗಳು ಹತ್ತಿರ ಬಂದದ್ದು ನನಗೆ ಗೊತ್ತಾಗಲಿಲ್ಲ, ಅವನ್ನು ಹತ್ತಿರ ತಂದವನೇ ನಾನು. ಪಕ್ಕದಲ್ಲಿದ್ದ ತರಬೇತಿಯ ಹುಡುಗ ಜಾಗರೂಕನಾಗಿದ್ದ, ಡಿಎಂಇ ಕೇಳೋಣ ಎಂದು ಬಾಯಿಬಿಟ್ಟು ಹೇಳಿದ್ದ. ವರದಿಯಲ್ಲಿ ಅವನ ಬಗ್ಗೆ ಬರೆದಿರುವ ಆ ಸಾಲು ತಪ್ಪು.